ಮಯೂರನ ಹಣೆಗಣ್ಣು

ಗುಡವಿಯ ಕೆರೆಯಲ್ಲಿ ಹಕ್ಕಿಗಳನ್ನು ನೋಡಲು ಬಂದವರು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಡೆಗೂ ಹೊರಳಬೇಕು. ಅಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲುಕಂಬವುಂಟು. ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ ಸಂಗತಿಯನ್ನು, ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಎಂದರೆ ಐದನೆಯ ಶತಮಾನದಲ್ಲಿ, ಕವಿ ಕುಬ್ಜನು ಸಂಸ್ಕೃತದಲ್ಲಿ ರಚಿಸಿ ಅದರ ಮೇಲೆ ಬರೆದನು. ಕೆರೆಯ ನೆಪದಿಂದ ನಮಗೆ ದೊರೆತುದು ವಂಶದ ಮೊದಲ ಅರಸನ ಕಥೆ.

ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಯಿತು. ಅವಮಾನ ಸಣ್ಣದೋ ದೊಡ್ಡದೋ, ದರ್ಭೆಯ ಕೈ ಕತ್ತಿಯನ್ನು ಹಿಡಿಯಿತು. ಗಡಿಗಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗಿನ ಅಡವಿಯಲ್ಲಿ ಬೇರೂರಿ, ಬೃಹದ್ಬಾಣರಿಂದ ಕಪ್ಪ ಪಡೆದನು. ಕಡೆಗೆ ಪಲ್ಲವರೇ ಸಂಧಿಗೆ ಬಂದು ಅವನಿಗೆ ಪಟ್ಟ ಕಟ್ಟಿದರು.

ಶತಮಾನಗಳು ಕಳೆದವು. ಆಮೇಲಿನ ಶಾಸನಗಳಲ್ಲಿ ಶಿವನ ಬೆವರಹನಿ ಕದಂಬವೃಕ್ಷದ ಬುಡದಲ್ಲಿ ಬಿದ್ದು ಮುಕ್ಕಣ್ಣ ಕದಂಬನು ಹುಟ್ಟಿದನಂತೆ. ಮತ್ತೊಂದೆಡೆ ಮಯೂರನಿಗೇ ಹಣೆಗಣ್ಣು! ಅಥೆನ್ಸಿನ ವೀರರಾಜ ಥೀಸಿಯಸನಿಗೂ ಹೀಗೆಯೇ ಇಬ್ಬರು ತಂದೆಯರು: ಅರಸ ಈಜಿಯಸ್, ಕಡಲದೇವ ಪೊಸೈಡನ್. ಆದರೆ ಥೀಸಿಯಸನ ದೈವಾಂಶವನ್ನು ಕಳಚಿ ನೋಡಲು ಗ್ರೀಕರಿಗೆ ಇಂಥ ಕಂಬವಿಲ್ಲ. ನಮ್ಮವರು ಕಂಬವಿದ್ದೂ ಹಣೆಗಣ್ಣನ್ನು ಬಯಸಿದರು. ಶಿವನ ಮಗನನ್ನು ಕುದುರೆಯಾಳು ಕೆಣಕುವುದೆಂತು? ಕಂಚಿಯ ಕಲಹಕ್ಕೆ ಆ ಹೊಸ ಕಥೆಯಲ್ಲಿ ಜಾಗವಿಲ್ಲ.

ಕುಬ್ಜನೂ ಷಣ್ಮುಖನಿಂದ ಮಯೂರಶರ್ಮನಿಗೆ ಅಭಿಷೇಕ ಮಾಡಿಸಿದ್ದಾನೆ, ಕವಿಯಲ್ಲವೆ! ಆದರೆ ಅರಸನ ಮುಂದೆಯೇ ನಿಂತು, ಅವನ ಪೂರ್ವಜನು ಕಂಚಿಯ ಬೀದಿಯಲ್ಲಿ ಅವಮಾನಿತನಾದುದನ್ನು ಕಲ್ಲಿನಲ್ಲಿ ಬರೆದನು.