ಗಟ್ಟಿ ಶಾಕ್ಸ್ ಎಲ್ಲಾ ಒಳ್ಳೇ ಶಾಕ್ಸ್ ಅಲ್ಲ: ಮೈಸೂರಿನ ಜಾವಾದಿಂದ ಹೊಸೂರಿನ ಟ್ರ್ಯಾಕ್ ಬೈಕ್‌ವರೆಗೆ

ಬೈಕ್ ಅಂದ ತಕ್ಷಣ ನಮ್ಮ ಮಾತು ಶುರುವಾಗೋದೇ ಎಷ್ಟು ಸಿಸಿ, ಎಷ್ಟು ಟಾಪ್ ಸ್ಪೀಡ್ ಅಂತ. ಇವತ್ತು ಇಂಜಿನ್ ಬಿಟ್ಟು ಮುಂದಿನ ಚಕ್ರದ ಹತ್ತಿರ ಕೂತ್ಕೊಳ್ಳೋಣ. ಫ್ರಂಟ್ ಶಾಕ್ಸ್, ಅಂದರೆ ಮುಂದಿನ ಫೋರ್ಕ್. ಅದು ಹೇಗೆ ಬೆಳೆದು ಬಂತು, ಟ್ರ್ಯಾಕ್‌ಗೆ ಅದನ್ನ ಹೇಗೆ ಸೆಟ್ ಮಾಡಬೇಕು, ಮತ್ತು ಈ ಕಥೆಯಲ್ಲಿ ನಮ್ಮ ಕರ್ನಾಟಕ ಎಲ್ಲಿ ಬರುತ್ತೆ ಅನ್ನೋದು ಇವತ್ತಿನ ವಿಷಯ.

ನಾನು ಇಂಜಿನಿಯರ್ ಅಲ್ಲ, ಬಿಕಾಂ ಓದಿದವನು. ಊರು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ. ಎರಡು ವರ್ಷದ ಹಿಂದೆ ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ ಬಿದ್ದು ಎಡಗಡೆ ಕಾಲರ್ ಬೋನ್ ಮುರ್ಕೊಂಡೆ. ತಪ್ಪು ಬೈಕಿಂದಲ್ಲ, ನಂದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದ 150 ಸಿಸಿ ಬೈಕಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೆ, ದಪ್ಪ ಆಯಿಲ್ ಸುರಿಸಿದ್ದೆ, ಸ್ಪ್ರಿಂಗ್ ಮೇಲೆ ಹೆಚ್ಚುವರಿ ಸ್ಪೇಸರ್ ಕೂಡ ಇಡಿಸಿದ್ದೆ. ಕೈಯಲ್ಲಿ ಒತ್ತಿ ನೋಡಿದರೆ ಕಲ್ಲು. ಖುಷಿಯಾಗಿತ್ತು. ಬಲಗಡೆ ತಿರುವಿನ ಮಧ್ಯದಲ್ಲಿ ಒಂದು ಸಣ್ಣ ಉಬ್ಬು ಬಂತು. ಫೋರ್ಕ್ ಒಳಗೆ ಹೋಗಲಿಲ್ಲ. ಟೈರ್ ನೆಲ ಬಿಟ್ಟಿತು, ನಾನು ಬೈಕ್ ಬಿಟ್ಟೆ.

ಬೈಕನ್ನ ಟೆಂಪೋದಲ್ಲಿ ಹಾಕ್ಕೊಂಡು ಊರಿಗೆ ತಂದ ಮೇಲೆ, ನಮ್ಮ ಕಡೆಯ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಹೋದೆ. ಜಾವಾ, ಯೆಜ್ಡಿ ಬಿಚ್ಚಿ ಕೂಡಿಸುತ್ತಲೇ ಕೆಲಸ ಕಲಿತವರು. ಹ್ಯಾಂಡಲ್ ಹಿಡಿದು ಎರಡು ಸಲ ಒತ್ತಿ ನೋಡಿ ಕೇಳಿದ್ದು ಒಂದೇ ಮಾತು: "ನೀ ಮ್ಯಾಲೆ ಕುಂತಾಗ ಮುಂದ ಎಷ್ಟು ಇಳಿತೈತಿ? ಅಳತಿ ಹಿಡಿದೀಯೇನಪ್ಪ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಖರ್ಚು ಮಾಡಿದ ಪ್ರತಿ ರೂಪಾಯಿಗೂ ಬಿಲ್ ಇತ್ತು, ಆದರೆ ಒಂದೇ ಒಂದು ಅಳತೆ ಇರಲಿಲ್ಲ. ಈ ಸಂಚಿಕೆ ಹುಟ್ಟಿದ್ದು ಆ ಪ್ರಶ್ನೆಯಿಂದ.

ಸರಿ, ಈಗ ಇತಿಹಾಸಕ್ಕೆ ಬರೋಣ.

ಆರಂಭದ ಬೈಕುಗಳಲ್ಲಿ ಮುಂದಿನ ಚಕ್ರವನ್ನು ಹಿಡಿದಿದ್ದು ಹೆಚ್ಚಾಗಿ ಗರ್ಡರ್ ಫೋರ್ಕ್. ಕಬ್ಬಿಣದ ಕೈಗಳು, ನಡುವೆ ಒಂದು ಸ್ಪ್ರಿಂಗ್. 1935ರಲ್ಲಿ ಬಿಎಂಡಬ್ಲ್ಯು ತನ್ನ ಆರ್12 ಬೈಕಿನಲ್ಲಿ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುವ, ಒಳಗೆ ಎಣ್ಣೆ ಇರುವ ಟೆಲಿಸ್ಕೋಪಿಕ್ ಫೋರ್ಕ್ ಕೊಟ್ಟಿತು. ಇವತ್ತು ನಮ್ಮ ಬೀದಿಯಲ್ಲಿ ನಿಂತಿರುವ ಹೆಚ್ಚಿನ ಬೈಕುಗಳದ್ದೂ ಅದೇ ತತ್ವ. ಸ್ಪ್ರಿಂಗ್ ಭಾರ ಹೊರುತ್ತೆ. ಎಣ್ಣೆ ವೇಗವನ್ನ ಹಿಡಿಯುತ್ತೆ. ಈ ಎರಡು ಕೆಲಸ ಬೇರೆ ಬೇರೆ ಅನ್ನೋದನ್ನ ನೆನಪಿಟ್ಕೊಳ್ಳಿ. ಮುಂದಿನ ಕಥೆ ಎಲ್ಲಾ ಇದರ ಮೇಲೇ ನಿಂತಿದೆ.

ನಮ್ಮ ರಾಜ್ಯಕ್ಕೆ ಈ ಫೋರ್ಕ್ ಕಾರ್ಖಾನೆ ಸಮೇತ ಬಂದದ್ದು ಮೈಸೂರಿನಲ್ಲಿ. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಶುರುವಾಯಿತು. 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ 250 ಬೈಕುಗಳು ತಯಾರಾದವು. ಆಮೇಲೆ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಮಲೆನಾಡಿಂದ ಬಯಲುಸೀಮೆವರೆಗೆ ಒಂದು ತಲೆಮಾರಿನ ಮೇಸ್ತ್ರಿಗಳಿಗೆ ಅದೇ ಪಾಠಶಾಲೆ.

ಆ ಕಾಲದಲ್ಲಿ ದಕ್ಷಿಣ ಭಾರತದವರಿಗೆ ರೇಸ್ ಅಂದರೆ ಮದ್ರಾಸ್ ಹತ್ತಿರದ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸುತ್ತಿತ್ತು. ಮೈಸೂರಿನ ಯೆಜ್ಡಿಗಳೂ ಅಲ್ಲಿ ಓಡಿದವು. ರಸ್ತೆಗೆ ಅಂತ ತಯಾರಾದ ಬೈಕನ್ನೇ ರೇಸಿಗೆ ಹದ ಮಾಡ್ಕೋಬೇಕಿತ್ತು. ಫೋರ್ಕ್ ಮೇಲೆ ತಿರುಗಿಸೋಕೆ ಒಂದು ಸ್ಕ್ರೂ ಕೂಡ ಇಲ್ಲ. ಹಾಗಾದ್ರೆ ಏನು ಮಾಡಬಹುದಿತ್ತು? ಮೂರೇ ದಾರಿ. ಆಯಿಲ್ ದಪ್ಪ ಮಾಡೋದು, ಆಯಿಲ್ ಮಟ್ಟ ಏರಿಸೋದು, ಸ್ಪ್ರಿಂಗ್ ಮೇಲೆ ವಾಷರ್ ಅಥವಾ ಪೈಪ್ ತುಂಡು ಇಡೋದು.

ಇಲ್ಲೇ ಒಂದು ತಾಂತ್ರಿಕ ಗಂಟು ಇದೆ. ಹಳೇ ಫೋರ್ಕ್‌ಗಳಲ್ಲಿ ಎಣ್ಣೆ ಹಾದು ಹೋಗೋದು ಸ್ಥಿರವಾದ ತೂತುಗಳ ಮೂಲಕ. ಇದನ್ನ ಡ್ಯಾಂಪಿಂಗ್ ರಾಡ್ ಫೋರ್ಕ್ ಅಂತಾರೆ. ತೂತಿನಲ್ಲಿ ಎಣ್ಣೆಯ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತೆ. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನವಾಗಿ ಇಳಿಯುತ್ತೆ, ಆಗ ತಡೆ ಸಾಲದು. ಉಬ್ಬು ಹೊಡೆದಾಗ ಫೋರ್ಕ್ ಸರ್ರಂತ ಒಳಗೆ ಹೋಗಬೇಕು, ಆಗ ತಡೆ ಜಾಸ್ತಿ. ಅಂದರೆ ಬೇಕಾದಾಗ ಇಲ್ಲ, ಬೇಡವಾದಾಗ ವಿಪರೀತ. ಬ್ರೇಕಿಂಗ್ ಸರಿ ಮಾಡೋಕೆ ಆಯಿಲ್ ದಪ್ಪ ಮಾಡಿದರೆ ಉಬ್ಬಿನಲ್ಲಿ ಚಕ್ರ ಕುಣಿಯುತ್ತೆ. ನಾನು ಬಿದ್ದದ್ದು ಇದೇ ಗಂಟಿನಲ್ಲಿ.

ಇದಕ್ಕೆ ಜಗತ್ತು ಕಂಡುಕೊಂಡ ಉತ್ತರ ಕಾರ್ಟ್ರಿಡ್ಜ್ ಫೋರ್ಕ್. ಫೋರ್ಕ್ ಒಳಗೆ ಒಂದು ಪಿಸ್ಟನ್, ಅದರ ಮೇಲೆ ತೆಳ್ಳನೆ ಉಕ್ಕಿನ ಬಿಲ್ಲೆಗಳ ಅಡುಕು. ಎಣ್ಣೆ ಜೋರಾಗಿ ತಳ್ಳಿದಷ್ಟೂ ಆ ಬಿಲ್ಲೆಗಳು ಬಾಗಿ ಹೆಚ್ಚು ದಾರಿ ಬಿಡುತ್ತವೆ. ನಿಧಾನದ ಇಳಿತಕ್ಕೆ ತಡೆ ಸಿಗುತ್ತೆ, ವೇಗದ ಹೊಡೆತಕ್ಕೆ ದಾರಿ ಸಿಗುತ್ತೆ. 1976ರಲ್ಲಿ ಸ್ವೀಡನ್ನಿನಲ್ಲಿ ಓಲಿನ್ಸ್, 1977ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಡಬ್ಲ್ಯುಪಿ ಶುರುವಾದವು. ಸಸ್ಪೆನ್ಷನ್ ಅನ್ನೋದೇ ಒಂದು ಪ್ರತ್ಯೇಕ ಕಸುಬಾಯಿತು. 1980ರ ದಶಕದಲ್ಲಿ ರೇಸ್ ಬೈಕುಗಳ ಫೋರ್ಕ್ ಬದಲಾಗುತ್ತಾ ಹೋಯಿತು. ನಮ್ಮಲ್ಲಿ ಆಗ 1985ರ ಆರ್‌ಎಕ್ಸ್100 ಹವಾ. ಇಂಜಿನ್ ಪೋರ್ಟಿಂಗ್ ಮಾಡೋರು ಊರಿಗೊಬ್ಬರು ಸಿಗುತ್ತಿದ್ದರು, ಫೋರ್ಕ್ ಬಗ್ಗೆ ಕೇಳೋರು ಕಡಿಮೆ.

ಅದಕ್ಕೆ ನಮ್ಮ ಜೀವನವೂ ಒಂದು ಕಾರಣ ಅಂತ ನನಗನಿಸುತ್ತೆ. ನಮ್ಮ ಕಡೆ ಬೈಕ್ ಅಂದರೆ ಹಾಲಿನ ಕ್ಯಾನು, ಗೊಬ್ಬರದ ಚೀಲ, ಅಡಿಕೆ ಮೂಟೆ, ಅದರ ಮೇಲೆ ಇಬ್ಬರು. ಶಾಕ್ಸ್ ಗಟ್ಟಿ ಇರಬೇಕು ಅನ್ನೋದು ಅಲ್ಲಿ ನ್ಯಾಯವಾದ ಮಾತು. ಆ ಮಾತನ್ನ ನಾವು ಹಾಗೇ ಟ್ರ್ಯಾಕ್‌ಗೂ ಹೊತ್ಕೊಂಡು ಹೋದ್ವಿ. ಟ್ರ್ಯಾಕ್‌ನಲ್ಲಿ ಹೊರಬೇಕಾದ್ದು ಒಬ್ಬನೇ ಸವಾರನ ಭಾರ ಮತ್ತು ಬ್ರೇಕಿನ ಹೊರೆ. ಫೋರ್ಕ್ ಇಳಿದಾಗಲೇ ಮುಂದಿನ ಟೈರ್ ಮೇಲೆ ಭಾರ ಹದವಾಗಿ ಕೂರುತ್ತೆ, ಬೈಕ್ ಚುರುಕಾಗಿ ತಿರುಗುತ್ತೆ. ಇಳಿಯೋದು ದೋಷ ಅಲ್ಲ, ಅದು ಅದರ ಕೆಲಸ.

1990ರಲ್ಲಿ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ 3.7 ಕಿಲೋಮೀಟರ್ ಉದ್ದದ ಟ್ರ್ಯಾಕ್ ಬಂತು. 2012ರಲ್ಲಿ ಕೆಟಿಎಂ 200 ಡ್ಯೂಕ್ ಬಂದಾಗ, ದಪ್ಪ ಕೊಳವೆ ಮೇಲೆ, ಸಣ್ಣ ಕೊಳವೆ ಕೆಳಗೆ ಇರುವ 43 ಎಂಎಂ ಡಬ್ಲ್ಯುಪಿ ಅಪ್‌ಸೈಡ್ ಡೌನ್ ಫೋರ್ಕ್ ಸಾಮಾನ್ಯ ಹುಡುಗರ ಕೈಗೆ ಬಂತು. ಬಾಗೋದು ಕಡಿಮೆಯಾಯಿತು, ಆದರೆ ಸೆಟ್ ಮಾಡೋಕೆ ತಿರುಪು ಅದರಲ್ಲೂ ಇರಲಿಲ್ಲ. ತಲೆಕೆಳಗಾದ ಫೋರ್ಕ್ ಎಲ್ಲಾ ಅಡ್ಜಸ್ಟಬಲ್ ಅಲ್ಲ, ಇದು ತುಂಬಾ ಜನ ಮಾಡೋ ತಪ್ಪು.

ಆ ತಿರುಪು ಬಂದದ್ದು ನಮ್ಮ ಗಡಿಯ ಆಚೆಗಿನ, ಇವತ್ತಿಗೂ ಕನ್ನಡ ಕೇಳಿಸುವ ಹೊಸೂರಿನಿಂದ. ಟಿವಿಎಸ್ ತನ್ನ ಅಪಾಚೆ ಆರ್‌ಆರ್ 310 ಬೈಕನ್ನ 2017ರ ಡಿಸೆಂಬರ್‌ನಲ್ಲಿ ಬಿಟ್ಟಿತು. 2021ರ ಆಗಸ್ಟ್‌ನಲ್ಲಿ 'ಬಿಲ್ಟ್ ಟು ಆರ್ಡರ್' ಅಂತ ಶುರು ಮಾಡಿ, ಡೈನಾಮಿಕ್ ಕಿಟ್ ಕೊಟ್ಟಿತು. ಆಗಿನ ಬೆಲೆ 12,000 ರೂಪಾಯಿ. ಅದರಲ್ಲಿ ಮುಂದಿನ ಫೋರ್ಕ್‌ಗೆ ಪ್ರೀಲೋಡ್, ಕಂಪ್ರೆಷನ್, ರಿಬೌಂಡ್ ಮೂರೂ ಬದಲಿಸಬಹುದು. ಶೋಲಾವರಂ ಕಾಲದಲ್ಲಿ ವಾಷರ್ ಇಟ್ಟು, ಆಯಿಲ್ ಬದಲಿಸಿ, ಒಂದು ಸರಿ ಮಾಡೋಕೆ ಹೋಗಿ ಇನ್ನೊಂದು ಕೆಡಿಸಿಕೊಳ್ಳುತ್ತಿದ್ದ ಕೆಲಸ ಈಗ ಮೂರು ಬೇರೆ ಬೇರೆ ತಿರುಪು.

ಆದರೆ ತಿರುಪು ಬಂದ ಮಾತ್ರಕ್ಕೆ ಅಳತೆ ಬರಲ್ಲ. ಹಾಗಾಗಿ ಈಗ ಸೆಟ್ಟಿಂಗ್ ವಿಷಯ. ಪೆನ್ನು ತಗೊಳ್ಳಿ.

ಮೊದಲು ಫೋರ್ಕ್ ಆರೋಗ್ಯ. ಆಯಿಲ್ ಸೀಲ್ ಸೋರ್ತಿದ್ರೆ, ಕೊಳವೆ ಬೆಂಡ್ ಆಗಿದ್ರೆ, ಕೋನ್ ಸೆಟ್ ಸಡಿಲ ಇದ್ರೆ ಯಾವ ಸೆಟ್ಟಿಂಗೂ ಸುಳ್ಳು.

ಎರಡನೇದು ಸ್ಯಾಗ್, ಅಂದರೆ ನೀವು ಕೂತಾಗ ಫೋರ್ಕ್ ಎಷ್ಟು ಇಳಿಯುತ್ತೆ ಅನ್ನೋದು. ಮುಂದಿನ ಚಕ್ರ ನೆಲ ಬಿಡೋ ಹಾಗೆ ಎತ್ತಿ, ಹೊರಗೆ ಕಾಣುವ ಹೊಳೆಯೋ ಕೊಳವೆಯ ಉದ್ದ ಅಳೆಯಿರಿ. ಅದು 130 ಎಂಎಂ ಅಂದ್ಕೊಳ್ಳಿ. ಆಮೇಲೆ ಹೆಲ್ಮೆಟ್, ಸೂಟ್ ಸಮೇತ ಕೂತ್ಕೊಳ್ಳಿ. ಸ್ನೇಹಿತರು ಮುಂದೆ ಒತ್ತಿ ಮೆಲ್ಲಗೆ ಬಿಟ್ಟಾಗ 92, ಎತ್ತಿ ಮೆಲ್ಲಗೆ ಬಿಟ್ಟಾಗ 98. ಸರಾಸರಿ 95. 130ರಲ್ಲಿ 95 ಕಳೆದರೆ 35. ಸುಮಾರು 120 ಎಂಎಂ ಓಡಾಟದ ಫೋರ್ಕ್‌ಗೆ ಟ್ರ್ಯಾಕ್‌ನಲ್ಲಿ 30ರಿಂದ 35 ಎಂಎಂ ಒಳ್ಳೆಯ ಆರಂಭ. ಜಾಸ್ತಿ ಇಳಿದರೆ ಪ್ರೀಲೋಡ್ ಏರಿಸಿ, ಕಡಿಮೆ ಇದ್ದರೆ ಇಳಿಸಿ. ನೆನಪಿರಲಿ, ಪ್ರೀಲೋಡ್ ಹಾಕಿದರೆ ಸ್ಪ್ರಿಂಗ್ ಗಟ್ಟಿಯಾಗಲ್ಲ, ಬೈಕ್ ನಿಲ್ಲುವ ಎತ್ತರ ಬದಲಾಗುತ್ತೆ ಅಷ್ಟೇ. ಗಟ್ಟಿ ಬೇಕಂದ್ರೆ ನಿಮ್ಮ ತೂಕಕ್ಕೆ ಸರಿಯಾದ ಸ್ಪ್ರಿಂಗನ್ನೇ ಹಾಕಬೇಕು.

ಮೂರನೇದು ರಿಬೌಂಡ್, ಇಳಿದ ಫೋರ್ಕ್ ಮೇಲೆ ಬರುವ ವೇಗ. ತಡೆ ಕಡಿಮೆಯಾದರೆ ಬ್ರೇಕ್ ಬಿಟ್ಟ ಕೂಡಲೇ ಮುಂಭಾಗ ಚಿಮ್ಮುತ್ತೆ, ಬೈಕ್ ತಿರುವಿನಲ್ಲಿ ಹೊರಗೆ ಹೋಗುತ್ತೆ. ಜಾಸ್ತಿಯಾದರೆ ಒಂದರ ಹಿಂದೆ ಒಂದು ಉಬ್ಬು ಬಂದಾಗ ಮೇಲೆ ಬರೋಕೆ ಸಮಯ ಸಿಗದೆ ಕೆಳಗೇ ಕೂತ್ಬಿಡುತ್ತೆ.

ನಾಲ್ಕನೇದು ಕಂಪ್ರೆಷನ್, ಇಳಿಯುವ ವೇಗ. ಕೊಳವೆಗೆ ಒಂದು ಕೇಬಲ್ ಟೈ ಕಟ್ಟಿ, ಗಟ್ಟಿಯಾಗಿ ಬ್ರೇಕ್ ಹಿಡಿದು ಬನ್ನಿ. ಅದು ಎಲ್ಲಿ ನಿಂತಿದೆಯೋ ಅಲ್ಲಿವರೆಗೆ ಫೋರ್ಕ್ ಇಳಿದಿದೆ ಅಂತ ಅರ್ಥ. ಪೂರ್ತಿ ತಳ ಮುಟ್ಟಬಾರದು, ಹಾಗಂತ ಅರ್ಧಕ್ಕೇ ನಿಲ್ಲಲೂಬಾರದು. ಕೊನೆಗೆ ಕೆಲವು ಮಿಲಿಮೀಟರ್ ಉಳಿದರೆ ಸಾಕು.

ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಕ್ಲಿಕ್‌ಗಿಂತ ಜಾಸ್ತಿ ಬೇಡ. ಪ್ರತಿ ಸಲವೂ ಪುಸ್ತಕದಲ್ಲಿ ಬರೀರಿ. ಬಿಕಾಂ ಓದಿದವನಿಗೆ ಇದು ಲೆಡ್ಜರ್ ಇದ್ದ ಹಾಗೆ. ಬರೆಯದ ವ್ಯವಹಾರ ನೆನಪಿನಲ್ಲಿ ಬದಲಾಗ್ತಾನೇ ಇರುತ್ತೆ.

ಕೇಬಲ್ ಟೈ ವಿಷಯ ಹೇಳಿದಾಗ ನಮ್ಮ ಮೇಸ್ತ್ರಿ ನಕ್ಕರು. ಜಾವಾ ಕಾಲದಲ್ಲಿ ಅವರು ಇದೇ ಕೆಲಸಕ್ಕೆ ನೂಲು ಕಟ್ಟುತ್ತಿದ್ದರಂತೆ. "ನೂಲು ಸುಳ್ಳು ಹೇಳಂಗಿಲ್ಲಪ್ಪ, ಕೈ ಹೇಳ್ತೈತಿ" ಅಂದರು.

ನನ್ನ ಬೈಕಿಗೆ ಮತ್ತೆ ಕಂಪನಿ ಸ್ಪ್ರಿಂಗೇ ಬಂತು. ಸ್ಪೇಸರ್ ತೆಗೆದ್ವಿ, ಮ್ಯಾನುಯಲ್‌ನಲ್ಲಿ ಹೇಳಿದ ಆಯಿಲ್, ಹೇಳಿದಷ್ಟೇ ಮಟ್ಟ. ಸ್ಯಾಗ್ ಅಳೆದಾಗ 34. ಹೊಸ ಖರ್ಚು ಆಯಿಲ್ ಮತ್ತು ಸೀಲಿನದ್ದು ಮಾತ್ರ. ಗಟ್ಟಿ ಸ್ಪ್ರಿಂಗ್ ಈಗಲೂ ಮನೆ ಅಟ್ಟದ ಮೇಲೆ ಬಿಲ್ ಸಮೇತ ಬಿದ್ದಿದೆ.

ಮೂಳೆ ಕೂಡಿದ ಮೇಲೆ ಇನ್ನೊಮ್ಮೆ ಟ್ರ್ಯಾಕ್‌ಗೆ ಹೋದೆ. ಮೊದಲ ಸಲ ಮನೆಯಲ್ಲಿ ಹೇಳದೆ ಹೋಗಿದ್ದೆ, ಈ ಸಲ ಅಪ್ಪನಿಗೆ ಹೇಳಿಯೇ ಹೊರಟೆ. ಅದೇ ತಿರುವು, ಅದೇ ಉಬ್ಬು. ಫೋರ್ಕ್ ಒಳಗೆ ಹೋಗಿ ಬಂತು, ನಾನು ಮುಂದೆ ಹೋದೆ.

ನಿಮ್ಮೂರಿನ ಹಳೇ ಮೇಸ್ತ್ರಿಗಳ ಹತ್ತಿರವೂ ಇಂಥ ನೂಲಿನ ಕಥೆಗಳಿದ್ದರೆ ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ಹೆಲ್ಮೆಟ್ ಹಾಕ್ಕೊಳ್ಳಿ, ನಿಧಾನ ಹೋಗಿ. ನಮಸ್ಕಾರ.