ಛತ್ರದಿಂದ ಹೋಂಸ್ಟೇವರೆಗೆ

ಹಿಂದಿನ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಸಕಲೇಶಪುರದ ಬಳಿಯ ತನ್ನ ತಾತನ ಮನೆಯನ್ನು ಬ್ಯಾಂಕಿನ ಸಾಲದಿಂದ ದುರಸ್ತಿ ಮಾಡಿಸಿ, ನಾಲ್ಕು ಕೋಣೆಗಳ ಹೋಂಸ್ಟೇ ತೆರೆದಿದ್ದಾನಂತೆ. "ಸಾರ್, ಹಾಸಿಗೆ ಇದೆ, ಬಿಸಿನೀರು ಇದೆ, ಬೋರ್ಡೂ ಹಾಕಿಸಿದ್ದೇನೆ. ಜನ ಮಾತ್ರ ಬರುತ್ತಿಲ್ಲ. ಏನು ಮಾಡಲಿ?" ಎಂದು ಕೇಳಿದ. ಜೀವಮಾನವೆಲ್ಲ ಇತಿಹಾಸ ಬೋಧಿಸಿದವನಿಗೆ ವ್ಯಾಪಾರದ ಗುಟ್ಟು ಏನು ತಿಳಿದೀತು? ಆದರೂ ಸಾಲದ ಕಂತು ತಲೆಯ ಮೇಲಿರುವ ಹುಡುಗನಿಗೆ "ಗೊತ್ತಿಲ್ಲಪ್ಪ" ಎನ್ನಲು ಮನಸ್ಸಾಗಲಿಲ್ಲ. ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ನಮ್ಮ ನಾಡಿನಲ್ಲಿ ಪರಸ್ಥಳದವರಿಗೆ ತಂಗಲು ಎಡೆ ಕೊಡುವುದು ಬಹುಕಾಲ ಪುಣ್ಯಕಾರ್ಯವೆನಿಸಿತ್ತು. ಅದು ಸಂಪಾದನೆಯ ದಾರಿಯಾಗಿರಲಿಲ್ಲ. ಅರಸರು, ಮಠಗಳು, ಅನುಕೂಲಸ್ಥ ವರ್ತಕರು ಛತ್ರಗಳನ್ನು ಕಟ್ಟಿಸಿದರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಆರಂಭವಾದದ್ದು ಆ ಪರಂಪರೆಯಲ್ಲಿಯೇ. ಇನ್ನೊಂದು ಕಡೆ, ಆಂಗ್ಲ ಅಧಿಕಾರಿಗಳ ಸಂಚಾರಕ್ಕಾಗಿ ಡಾಕ್ ಬಂಗಲೆಗಳೂ ಟ್ರಾವೆಲರ್ಸ್ ಬಂಗಲೆಗಳೂ ಎದ್ದವು. ಬಂಗಲೆ ಮರೆತುಹೋದರೂ ಎಷ್ಟೋ ಊರುಗಳಲ್ಲಿ 'ಟಿ.ಬಿ. ಸರ್ಕಲ್' ಎಂಬ ಹೆಸರು ಉಳಿದಿದೆ. ಛತ್ರಕ್ಕೆ ಯಾತ್ರಿಕ ತಾನಾಗಿ ಬರುತ್ತಿದ್ದ, ಬಂಗಲೆಗೆ ಅಧಿಕಾರಿ ಸರ್ಕಾರಿ ಕೆಲಸದ ಮೇಲೆ ಬರುತ್ತಿದ್ದ. ಅತಿಥಿಯನ್ನು ಕರೆತರುವ ಚಿಂತೆ ಎರಡಕ್ಕೂ ಇರಲಿಲ್ಲ. ನನ್ನ ಶಿಷ್ಯನ ಚಿಂತೆ ಹೊಸ ಕಾಲದ್ದು.

ಮಲೆನಾಡಿನಲ್ಲಿ ಆ ಹೊಸ ಕಾಲವನ್ನು ತಂದದ್ದರಲ್ಲಿ ಕಾಫಿಯ ಪಾಲು ದೊಡ್ಡದು. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ 1989ರಲ್ಲಿ ಮುರಿದುಬಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಕಾಫಿ ಮಂಡಳಿಯೂ ಬೆಳೆಯನ್ನೆಲ್ಲ ತಾನೇ ಕೊಂಡು ಮಾರುವ ವ್ಯವಸ್ಥೆಯಿಂದ ಹಂತಹಂತವಾಗಿ ಹಿಂದೆ ಸರಿಯಿತು. 1994ರಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಹಿಮ ಬಿದ್ದಾಗ ಬೆಲೆ ಏರಿ ಬೆಳೆಗಾರರು ಹಿಗ್ಗಿದರು. ಹೊಸ ಜೀಪುಗಳು ಬಂದವು. ಆಮೇಲೆ ವಿಯೆಟ್ನಾಮಿನ ಕಾಫಿ ಪ್ರವಾಹದಂತೆ ಮಾರುಕಟ್ಟೆಗೆ ನುಗ್ಗಿತು. 1997ರಲ್ಲಿ ಪೌಂಡಿಗೆ ಸರಾಸರಿ 130 ಸೆಂಟು ದಾಟಿದ್ದ ಜಾಗತಿಕ ಬೆಲೆ 2001ರಲ್ಲಿ 50 ಸೆಂಟಿಗಿಂತ ಕೆಳಗೆ ಕುಸಿಯಿತು. ದೂರದ ಯಾವುದೋ ದೇಶದ ಫಸಲು ನಮ್ಮ ಅಡುಗೆಮನೆಯ ಲೆಕ್ಕವನ್ನು ಬುಡಮೇಲು ಮಾಡುವುದನ್ನು ನಾನು ತರಗತಿಯಲ್ಲಿ ಪಾಠವಾಗಿ ಹೇಳಿದ್ದೆ. ತಂಗಿಯ ಮನೆಯಲ್ಲಿ ಕಣ್ಣಾರೆ ಕಂಡೆ.

ಅವಳ ಮನೆ ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿದೆ. ತೋಟ ಸಣ್ಣದು, ಮನೆ ದೊಡ್ಡದು. 2003ರಲ್ಲಿ ಎರಡು ಕೋಣೆಗಳಿಗೆ ಸುಣ್ಣ ಬಳಿಸಿ ಬಾಡಿಗೆಗೆ ಕೊಡುವುದೆಂದು ಗಂಡಹೆಂಡಿರು ನಿಶ್ಚಯಿಸಿದಾಗ ಅವಳ ಅತ್ತೆ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. "ಕೋಣೆಗೆ ದುಡ್ಡು ತಗೊಳ್ಳಿ. ಉಂಡವರ ಹತ್ತಿರ ಅನ್ನಕ್ಕೆ ದುಡ್ಡು ತಗೊಳ್ಳೋದು ಈ ಮನೇಲಿ ಆಗಬಾರದು" ಎಂಬುದು ಅವರ ಹಟ. ಇಂದಿನವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಅನ್ನ ಮಾರುವುದು ಹೀನವೆಂಬ ಭಾವನೆ ಆ ತಲೆಮಾರಿನಲ್ಲಿ ಆಳವಾಗಿ ಬೇರೂರಿತ್ತು. ಛತ್ರದ ಸಂಸ್ಕಾರವೇ ಅದು. ಕೊನೆಗೊಂದು ರಾಜಿಯಾಯಿತು. ಹಣದ ವ್ಯವಹಾರವೆಲ್ಲ ಜಗುಲಿಯಲ್ಲಿ, ತಂಗಿಯ ಯಜಮಾನರ ಕೈಯಲ್ಲಿ. ಹೊಸ್ತಿಲೊಳಗೆ ಹಣದ ಮಾತು ಎತ್ತುವಂತಿಲ್ಲ.

ಮೊದಲ ವರ್ಷ ಬೆರಳೆಣಿಕೆಯಷ್ಟು ಜನ ಬಂದರು. ಪಟ್ಟಣದವರಿಗೆ ಹಿಡಿಸಲೆಂದು ತಂಗಿ ಬ್ರೆಡ್ಡು, ಜಾಮು, ಆಮ್ಲೆಟ್ಟು ಇಡುತ್ತಿದ್ದಳು. ಒಂದು ಬೆಳಿಗ್ಗೆ ಬೆಂಗಳೂರಿನ ದಂಪತಿಗಳ ಮಗು ಅಡುಗೆಮನೆಗೆ ಓಡಿಹೋಗಿ ಅತ್ತೆಯವರ ತಟ್ಟೆಯಿಂದ ಅಕ್ಕಿರೊಟ್ಟಿ ಮುರಿದು ತಿಂದಿತು. ಹಿಂದೆಯೇ ತಾಯಿ ಬಂದಳು, ಆಮೇಲೆ ತಂದೆ. ಅಂದಿನಿಂದ ಬ್ರೆಡ್ಡು ನಿಂತಿತು. ಆ ದಂಪತಿಗಳು ತಮ್ಮ ಕಚೇರಿಯ ನಾಲ್ವರಿಗೆ ಹೇಳಿದರು, ಆ ನಾಲ್ವರು ಮತ್ತಷ್ಟು ಜನರಿಗೆ. ದಾರಿಬದಿಯಲ್ಲಿ ಹಾಕಿಸಿದ್ದ ಬೋರ್ಡು ನೋಡಿ ಬಂದವರು ಎಷ್ಟು ಮಂದಿಯೋ, ನನಗೆ ಅನುಮಾನವೇ.

ಹೊರಜಗತ್ತಿನಲ್ಲೂ ಈ ಕಸುಬಿನ ರೂಪ ಬದಲಾಗುತ್ತಿತ್ತು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಮ್ಮೇಳನವೊಂದರ ಕಾರಣ ಹೋಟೆಲುಗಳು ತುಂಬಿದಾಗ, ಮನೆ ಬಾಡಿಗೆ ಕಟ್ಟಲು ಹೆಣಗುತ್ತಿದ್ದ ಇಬ್ಬರು ತರುಣರು ಗಾಳಿ ತುಂಬಿದ ಮೂರು ಹಾಸಿಗೆಗಳನ್ನು ಹಾಸಿ ಅತಿಥಿಗಳನ್ನು ಕರೆದರು. ಏರ್‌ಬಿಎನ್‌ಬಿ ಹುಟ್ಟಿದ್ದು ಹಾಗೆ. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವೂ ಇಂಥ ಮನೆಗಳಿಗಾಗಿ ಯೋಜನೆಯೊಂದನ್ನು ರೂಪಿಸಿತು. ಕೋಣೆಗಳು ಹೆಚ್ಚೆಂದರೆ ಆರು, ಮಾಲೀಕರ ಕುಟುಂಬ ಅಲ್ಲಿಯೇ ವಾಸಿಸಬೇಕು ಎಂಬುದು ಅದರ ಷರತ್ತು. ಈ ಎರಡನೆಯ ಷರತ್ತು ನನಗೆ ಬಹಳ ಸರಿಯೆನಿಸುತ್ತದೆ. ಮನೆಯವರಿಲ್ಲದ ಮನೆ ಲಾಡ್ಜೇ ಸರಿ.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. ಜೋಡುಪಾಲದ ಬಳಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ತಂಗಿಯ ಮನೆ ಉಳಿಯಿತು. ಹಿಂದಿನ ಇಳಿಜಾರಿನ ತೋಟದಲ್ಲಿ ಒಂದಿಷ್ಟು ಹೋಯಿತು. ದಸರಾ ರಜೆಗೆಂದು ಮುಂಗಡ ಕೊಟ್ಟವರ ದೂರವಾಣಿ ಕರೆಗಳು ಬರತೊಡಗಿದವು. "ಬನ್ನಿ, ಏನೂ ಆಗಿಲ್ಲ" ಎಂದಿದ್ದರೆ ಕೆಲವರಾದರೂ ಬರುತ್ತಿದ್ದರೇನೋ. ಹಣದ ಅಗತ್ಯ ಅವಳಿಗೆ ಎಂದಿಗಿಂತ ಹೆಚ್ಚಿತ್ತು. "ಈಗ ಬರಬೇಡಿ. ಹಿಂದಿನ ಗುಡ್ಡ ನನಗೇ ನಂಬಿಕೆ ಇಲ್ಲ" ಎಂದು ಒಬ್ಬೊಬ್ಬರಿಗೂ ಹೇಳಿ ಮುಂಗಡ ಹಿಂದಿರುಗಿಸಿದಳು. ಆ ರಾತ್ರಿ ನನಗೆ ಫೋನ್ ಮಾಡಿ, "ಅಣ್ಣಾ, ತಪ್ಪು ಮಾಡಿದೆನಾ?" ಎಂದು ಅತ್ತಳು. ನನಗೆ ಉತ್ತರ ತೋಚಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಮೊದಲು ಬಂದದ್ದು ಅದೇ ಬೆಂಗಳೂರಿನ ದಂಪತಿಗಳು. ರೊಟ್ಟಿ ಕದ್ದ ಮಗು ಆಗ ಕಾಲೇಜಿಗೆ ಹೋಗುತ್ತಿತ್ತು. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು.

ಇದನ್ನೆಲ್ಲ ಕೇಳಿದ ನನ್ನ ಶಿಷ್ಯ, "ಹಾಗಾದರೆ ಬೋರ್ಡು ತೆಗೆಸಿಬಿಡಲೇ ಸಾರ್?" ಎಂದ. ತರಗತಿಯಲ್ಲೂ ಅವನು ಹೀಗೆಯೇ ಇದ್ದ. "ಬೋರ್ಡು ಇರಲಿ, ಬೆಳಿಗ್ಗೆ ನಿಮ್ಮ ಮನೆಯವರು ಏನು ತಿನ್ನುತ್ತಾರೆ ಹೇಳು" ಎಂದೆ. ಕಡುಬು, ಕಾಯಿಚಟ್ನಿ ಎಂದ. ಅತಿಥಿಗಳಿಗೆ? ನೂಡಲ್ಸ್ ಅಂತೆ!

ಡಿಸೆಂಬರಿನಲ್ಲಿ ನಾನೂ ನಮ್ಮ ಮನೆಯವಳೂ ಅಲ್ಲಿಗೆ ಹೊರಟಿದ್ದೇವೆ. "ನಿಮ್ಮ ಹತ್ತಿರ ಬಾಡಿಗೆ ತೆಗೆದುಕೊಳ್ಳುವುದೇ ಸಾರ್?" ಎಂದು ಸಂಕೋಚಪಟ್ಟ. ಜಗುಲಿಯಲ್ಲಿ ಕೊಡುತ್ತೇನೆ, ಒಳಗೆ ಆ ಮಾತು ಬೇಡ ಎಂದು ಹೇಳಿದ್ದೇನೆ.