ಕೃಷ್ಣೆಯ ತಳದಲ್ಲಿ ಹಳೇ ದೋಣಿ ಯಾಕೆ ಸಿಗೋದಿಲ್ಲ?

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಇಳಕಲ್‌ನಲ್ಲಿ ಮಗ್ಗದ ಮುಂದೆ ಕೂತು ಕೇಳ್ತಿರೋರಿಗೆ, ಎಲ್ಲರಿಗೂ ಇವತ್ತಿನ ಕತೆ ದೋಣಿಯದ್ದು.

2004ರಲ್ಲಿ ಫ್ರಾನ್ಸಿನ ಆರ್ಲ್ ಊರಲ್ಲಿ, ರೋನ್ ನದಿಗೆ ಇಳಿದ ಡೈವರ್‌ಗಳಿಗೆ ಕಟ್ಟಿಗೆಯ ಸರಕು ದೋಣಿಯೊಂದು ಸಿಕ್ಕಿತು. ರೋಮನ್ನರ ಕಾಲದ್ದು, 31 ಮೀಟರ್ ಉದ್ದ. ನಮ್ಮ ಕೆಂಪು ಬಸ್ಸು ಮೂರನ್ನು ಸಾಲಾಗಿ ನಿಲ್ಲಿಸಿದಷ್ಟು ಅಂದ್ಕೊಳ್ರಿ. ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಅದು ಕೊಳೆಯದೆ ಉಳಿದಿತ್ತು. ಕೆಸರಿನೊಳಗೆ ಆಮ್ಲಜನಕ ಇಲ್ಲದಿದ್ದರೆ ಕಟ್ಟಿಗೆ ತಿನ್ನುವ ಜೀವಿಗಳು ಬದುಕೋದು ಕಷ್ಟ, ಅದಕ್ಕೆ. 2011ರಲ್ಲಿ ಹತ್ತು ತುಂಡು ಮಾಡಿ ಮೇಲೆತ್ತಿದರು. 2013ರಿಂದ ಅದು ಅಲ್ಲಿನ ಮ್ಯೂಸಿಯಂನಲ್ಲಿದೆ.

ಇದನ್ನ ಓದಿದಾಗ ನನಗೊಂದು ಪ್ರಶ್ನೆ ಬಂತು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಹರೀತಾವೆ. ಇಂಥದ್ದೊಂದು ದೋಣಿ ಇಲ್ಲೂ ಮಲಗಿರಬೇಕಲ್ಲ?

ನಮ್ಮವರಿಗೆ ದೊಡ್ಡ ಹಡಗು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗಿ, ಗುಡ್ಡ ಹತ್ತಿ ಮೇಗುತಿ ಗುಡಿ ನೋಡ್ರಿ. ಕ್ರಿ.ಶ. 634ರ ರವಿಕೀರ್ತಿಯ ಶಾಸನ ಅಲ್ಲಿದೆ. ಬಾದಾಮಿಯ ಇಮ್ಮಡಿ ಪುಲಿಕೇಶಿ ನೂರಾರು ಹಡಗು ತಗೊಂಡು ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಅಂತ ಅದು ಹೇಳುತ್ತೆ. ಆದರೆ ಅದು ಕಡಲಿನ ಮಾತು.

ಹೊಳೆಯ ಮಾತು ಬೇರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿನ ದೋಣಿ ನೋಡಿ ಬೆರಗಾದ. ಬುಟ್ಟಿಯಂತೆ ದುಂಡಗಿದೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸ್ತಾರೆ, ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತೆ ಅಂತ ಬರೆದ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಥರದ ದೋಣಿಯೇ ಇಲ್ಲ ಅಂತಲೂ ಸೇರಿಸಿದ. ಅದೇ ನಮ್ಮ ಹರಿಗೋಲು.

ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ನಮ್ಮ ಹೊಳೆಗಳಲ್ಲಿ ಬಂಡೆ ಜಾಸ್ತಿ, ಬೇಸಿಗೆಯಲ್ಲಿ ನೀರು ಕಡಿಮೆ. ಹರಿಗೋಲಿನ ತಳ ಚಪ್ಪಟೆ, ಮೊಳಕಾಲು ನೀರಲ್ಲೂ ತೇಲುತ್ತೆ, ಬೇಕಾದರೆ ಹೊತ್ತುಕೊಂಡೂ ಹೋಗಬಹುದು. ಆಮೇಲೆ ತೊಗಲು ಹೋಗಿ ಗೋಣಿತಟ್ಟು, ಡಾಂಬರು, ಪ್ಲಾಸ್ಟಿಕ್ ಹಾಳೆ ಬಂತು. ಹಳೇದಾದರೆ ಬಿದಿರು ಒಲೆಗೆ. ನಾನು ಬಿ.ಕಾಂ. ಓದಿದವ, ಸವಕಳಿ ಲೆಕ್ಕ ಗೊತ್ತು: ಹರಿಗೋಲಿನ ಗುಜರಿ ಬೆಲೆ ಸೊನ್ನೆ. ಡೈವರ್ ಇಳಿದರೂ ಕೈಗೇನು ಸಿಗಬೇಕು?

ಹಾಗಂತ ಹೊಳೆಯಲ್ಲಿ ಏನೂ ನಡೆದಿಲ್ಲ ಅಂತಲ್ಲ. 1800ರ ಜುಲೈ 30. ಸವದತ್ತಿ ಸೀಮೆಯ ಮುನವಳ್ಳಿ ಹತ್ತಿರ ಧೋಂಡಿಯಾ ವಾಘ್‌ನ ದಂಡಿನ ಮೇಲೆ ಆರ್ಥರ್ ವೆಲ್ಲೆಸ್ಲಿ ಬಿದ್ದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದನಲ್ಲ, ಅವನೇ. ಮಳೆಗಾಲದ ಮಲಪ್ರಭೆ. ಆರು ಫಿರಂಗಿ ಹಿಡಿದೆ, ಸುಮಾರು ಐದು ಸಾವಿರ ಜನರನ್ನ ಹೊಳೆಗೆ ದಬ್ಬಿದೆ, ಅವರು ಮುಳುಗಿ ಸತ್ತರು ಅಂತ ಮರುದಿನ ಪತ್ರ ಬರೆದ. ಫಿರಂಗಿಗೆ ಪಕ್ಕಾ ಲೆಕ್ಕ, ಜನರಿಗೆ ‘ಸುಮಾರು’. ಅದೇ ನೀರು ಬಾದಾಮಿ ಸೀಮೆ ಹಾಯ್ದು, ಐಹೊಳೆ ಪಕ್ಕ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತೆ.

ನಮ್ಮ ಅಜ್ಜಿ ಮದುವೆಯಾಗಿ ಹಳೇ ಬಾಗಲಕೋಟೆಗೆ ಬಂದಿದ್ದು ಹರಿಗೋಲಿನಲ್ಲೇ, ಘಟಪ್ರಭೆ ದಾಟಿ. “ತಿರಗತಿತ್ತು, ನಾ ಅಂಜಿದ್ದೆ. ನಡಕ್ಕ ಕುಂದ್ರವಾ, ಅಂಚಿಗೆ ಬರಬ್ಯಾಡ ಅಂದ ಅಂಬಿಗ” ಅಂತ ಈಗಲೂ ಹೇಳ್ತಾಳೆ. ಆ ಅಂಬಿಗನ ಹೆಸರು ಕೇಳಿದೆ. ಆಕೆಗೆ ನೆನಪಿಲ್ಲ. ದಂಡೆಯ ಆ ಜಾಗ ಈಗ ಆಲಮಟ್ಟಿಯ ಹಿನ್ನೀರಿನೊಳಗೆ, ನಾವು ನವನಗರದಲ್ಲಿ.

ಹನ್ನೆರಡನೇ ಶತಮಾನದ ಒಬ್ಬ ಅಂಬಿಗನ ಹೆಸರು ಮಾತ್ರ ಎಲ್ಲರಿಗೂ ಗೊತ್ತು: ಅಂಬಿಗರ ಚೌಡಯ್ಯ. ವಚನದ ಕೊನೆಗೆ ದೇವರ ಹೆಸರಿನ ಬದಲು ತನ್ನ ಹೆಸರು, ತನ್ನ ಕಸುಬನ್ನೇ ಇಟ್ಟವನು. ಅವನ ಹರಿಗೋಲು ಉಳಿದಿಲ್ಲ, ಮಾತು ಉಳಿದಿದೆ.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಹಿನ್ನೀರನ್ನ ತಡೆದಿದ್ದಾರೆ. ಮೆಟ್ಟಿಲಿಳಿದು ಹೋಗಿ ನೋಡಬಹುದು. ಕಲ್ಲನ್ನ ಹಾಗೆ ಉಳಿಸಬಹುದು. ಎಲ್ಲಿ ಸುಳಿ, ಎಲ್ಲಿ ಬಂಡೆ, ಯಾವ ಮಳೆಗೆ ಹರಿಗೋಲು ಬಿಡಬಾರದು ಅನ್ನೋ ತಿಳಿವಳಿಕೆಗೆ ಯಾವ ಗೋಡೆ ಕಟ್ಟೋಣ? ಆಲಮಟ್ಟಿಯ ನೀರಿನ ಮಟ್ಟವನ್ನ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಏರಿದರೆ ಇನ್ನಷ್ಟು ದಂಡೆ ನೀರೊಳಗೆ ಹೋಗುತ್ತೆ.

ಅದಕ್ಕೇ ಒಂದು ಕೆಲಸ ಹೇಳ್ತೀನ್ರಿ. ನಿಮ್ಮೂರಲ್ಲಿ ಹುಟ್ಟು ಹಾಕಿದ ಅಜ್ಜ ಇದ್ದರೆ, ಫೋನಿನ ರೆಕಾರ್ಡರ್ ಆನ್ ಮಾಡಿ ಅರ್ಧ ತಾಸು ಅವರ ಮುಂದೆ ಕೂತ್ಕೊಳ್ರಿ. ಮೊದಲ ಪ್ರಶ್ನೆ ಇದೇ ಇರಲಿ: “ಅಜ್ಜಾ, ನಿಮ್ಮ ಹೆಸರೇನು?” ಮುಂದಿನ ವಾರ ಸಿಗೋಣ.